ಕಂಬದ ಆಚೆ ಬದಿಯ ಅಕ್ಕೋರು

ಮೊನ್ನೆ ಸೊಸೆ ಅಂಕೋಲೆಯ ಪೇಟೆಯಿಂದ ಬರುವಾಗ ಒಂದು ಮೊಳ ಸುರಂಗಿ ಹೂವಿನ ದಂಡೆ ತಂದಳು. ಒಣಗಿದ್ದು. ಒಣಗುವುದರಿಂದ ಸುರಂಗಿಗೆ ಏನೂ ಬಾಧಕವಿಲ್ಲ. ಮಲ್ಲಿಗೆ ಸಂಜೆಯೊಳಗೆ ಕೈಕೊಡುತ್ತದೆ, ಇದು ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಬಿದ್ದುಕೊಂಡು ಮಳೆಗಾಲ ಮುಗಿಯುವವರೆಗೂ ಘಮಘಮಿಸುತ್ತದೆ. ಮೂಗಿನ ಹತ್ತಿರ ಹಿಡಿದೆ. ಹಿಡಿದದ್ದೇ ತಡ, ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಚಾಚಿಕೊಂಡಿತು, ಅಲ್ಲೊಂದು ಬಿದಿರ ಮೊರದಂಥ ಗೆರಸಿ ಇದೆಯೇನೋ, ಗೆರಸಿಯ ತುಂಬ ಮೊಗ್ಗು ಇದೆಯೇನೋ ಅನ್ನುವ ಹಾಗೆ… ಗೆರಸಿ ಎಲ್ಲಿಂದ ಬರಬೇಕು? ಕೈಗೆ ಸಿಕ್ಕಿದ್ದು ಟಿ.ವಿ.ಯ ರಿಮೋಟು.

ಅದೇ ಸಂಜೆ ಮೊಮ್ಮಗಳು ಶಾಲೆಯಿಂದ ಬಂದು ಸುದ್ದಿ ಹೇಳಿದಳು. ಅವರ ಶಾಲೆಗೆ ವಾರಕ್ಕೊಮ್ಮೆ ಒಬ್ಬರು ಕೌನ್ಸೆಲರ್ ಬರುತ್ತಾರಂತೆ, ಮಕ್ಕಳ ಮನಸ್ಸಿನ ಮಾತು ಕೇಳುವುದೇ ಅವರ ಕೆಲಸವಂತೆ. ಅದಕ್ಕೆಂದೇ ಬೇರೆ ಕೋಣೆ, ಫ್ಯಾನು, ಎದುರುಬದುರು ಎರಡು ಕುರ್ಚಿ.

"ಮುಖ ನೋಡಿ ಕೇಳ್ತ್ರೋ, ನೋಡ್ದೇ ಕೇಳ್ತ್ರೋ?" ಎಂದೆ.

"ಮುಖ ನೋಡ್ದೇ ಹ್ಯಾಂಗೆ ಕೇಳೂದು ಅಜ್ಜಿ?" ಎಂದು ಅವಳು ನಕ್ಕಳು. ಅಜ್ಜಿಗೆ ವಯಸ್ಸಾಯಿತು ಎಂದುಕೊಂಡಿರಬೇಕು. ವಯಸ್ಸಾದದ್ದು ಸುಳ್ಳಲ್ಲ, ಆದರೆ ನಾನು ಕೇಳಿದ ಪ್ರಶ್ನೆಯಲ್ಲಿ ಅರ್ಥವಿತ್ತು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತೇವೆ. ನಾನು ಹೇಳಹೊರಟ ಅಕ್ಕೋರು ಅಂಕೋಲೆಯ ಹತ್ತಿರದ ನಮ್ಮೂರ ಶಾಲೆಗೆ ಬಂದಾಗ ನಾನಿನ್ನೂ ಸಣ್ಣವಳು, ಪಾಟಿಯ ಮೇಲೆ ಅಕ್ಷರ ತಿದ್ದುತ್ತಿದ್ದವಳು. ಅವರ ತವರು ಹಣಕೋಣ, ಕಾಳಿ ನದಿಯ ಆಚೆ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. ಅಣ್ಣನಾದವನು ತಂಗಿ ಒಲೆಯ ಮುಂದೆ ಸವೆದುಹೋಗುವುದು ಬೇಡವೆಂದು ಧಾರವಾಡಕ್ಕೆ ಕಳಿಸಿ ಮಾಸ್ತರಿಕೆ ಕಲಿಸಿದ್ದನಂತೆ. ತಲೆಯ ಮೇಲಿನ ಸೆರಗು ಜಾರದ ಹಾಗೆ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದರು. ವರ್ಷವಿಡೀ ನೆಗಡಿ. ಮೃದು ಸ್ವಭಾವದವರು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಮಗ್ಗಿ ತಪ್ಪಿದರೆ ಬೆರಳ ಗಂಟಿನ ಮೇಲೆ ಪಟ್ಟಿಯ ಏಟು ಬಿಡದೆ ಕೊಡುತ್ತಿದ್ದರು. ಅವರು ನಕ್ಕದ್ದನ್ನು ಕಂಡ ನೆನಪು ನನಗಿಲ್ಲ.

ಶಾಲೆಯ ಹಿತ್ತಲಲ್ಲಿ ಒಂದು ಸುರಂಗಿ ಮರವಿತ್ತು. ಸುರಂಗಿಯನ್ನು ಮೊಗ್ಗಿದ್ದಾಗಲೇ, ಬಿಸಿಲು ಏರುವ ಮುಂಚೆ ಕೊಯ್ಯಬೇಕು. ಅರಳಿದರೆ ದಂಡೆಗೆ ಬರುವುದಿಲ್ಲ. ದೊಡ್ಡ ತರಗತಿಯ ಹುಡುಗರು ಬೆಳಿಗ್ಗೆ ಕೆಂಪಿರುವೆಯಿಂದ ಕಚ್ಚಿಸಿಕೊಳ್ಳುತ್ತ ಮರ ಹತ್ತಿ ಕೊಯ್ದು ಗೆರಸಿಗೆ ಹಾಕಿಡುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅಕ್ಕೋರು ಹಿಂದಿನ ಜಗಲಿಯ ಕಂಬಕ್ಕೆ ಒರಗಿ ಕುಳಿತು, ನೆನೆಸಿಟ್ಟ ಬಾಳೆಯ ನಾರಿನಿಂದ ದಂಡೆ ಕಟ್ಟುತ್ತಿದ್ದರು. ಹುಡುಗಿಯರು ಮುಡಿಯುತ್ತಿದ್ದರು. ಅವರು ತಾವು ಮುಡಿಯುವ ಹಾಗಿರಲಿಲ್ಲ, ಅದು ನಮಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಅದರ ಬಗ್ಗೆ ಎರಡನೇ ಸಲ ಯೋಚಿಸಿದವರಲ್ಲ.

ಆ ಕಂಬದ ಈಚೆ ಬದಿಗೆ ಯಾರಾದರೊಂದು ಮಗು ಒರಗಿ ಕುಳಿತಿರುತ್ತಿತ್ತು. ಯಾರು ಎಂದು ಅಕ್ಕೋರೇ ಆರಿಸುತ್ತಿದ್ದರು. ಊಟ ಬಿಟ್ಟ ಮಗು, ಸುಮ್ಮಸುಮ್ಮನೆ ಹೊಡೆದಾಡುವ ಮಗು, ತಾಯಿ ಸತ್ತ ಮಗು. "ನೀ ಬಾ, ಹೂ ಕಟ್ಟೂಕೆ ಜನ ಇಲ್ಲ" ಅನ್ನುತ್ತಿದ್ದರು. ಗಂಡುಮಕ್ಕಳನ್ನೂ ಬಿಡುತ್ತಿರಲಿಲ್ಲ. ನಡುವೆ ಗೆರಸಿ. ಒಂದೇ ಕಂಬಕ್ಕೆ ಇಬ್ಬರದೂ ಬೆನ್ನು, ಒಬ್ಬರ ಮುಖ ಬಾವಿಯ ಕಡೆ, ಇನ್ನೊಬ್ಬರದು ಗದ್ದೆಯ ಕಡೆ. ಕಣ್ಣಿಗೆ ಕಣ್ಣು ಸೇರುವ ಪ್ರಶ್ನೆಯೇ ಇಲ್ಲ, ಗೆರಸಿಯಲ್ಲಿ ಕೈಗೆ ಕೈ ತಾಗಿದರೆ ತಾಗಿತು. ಅಕ್ಕೋರು ಏನೂ ಕೇಳುತ್ತಿರಲಿಲ್ಲ. ಕಟ್ಟುತ್ತ ಕಟ್ಟುತ್ತ ಒಂದು ದಿನ ಮಗು ತಾನೇ ಮಾತಾಡುತ್ತಿತ್ತು. ಸುರಂಗಿಯ ಕಾಲ ಮುಗಿದ ಮೇಲೆ ಅಬ್ಬಲಿಗೆ, ಅದೂ ಇಲ್ಲದಾಗ ಹುಣಸೆಯ ಬೀಜ ಬಿಡಿಸುವುದು. ಒಟ್ಟಿನಲ್ಲಿ ಕೈಗೆ ಕೆಲಸ ಬೇಕು.

ನಾನು ಆ ಕಂಬದ ಹತ್ತಿರ ಬಂದದ್ದು ಮಾತು ನಿಂತ ಮೇಲೆ.

ಅದು ನಮ್ಮ ಕಡೆಯವರು ಬ್ರಿಟಿಷ್ ಸರ್ಕಾರಕ್ಕೆ ಭೂಮಿಯ ತೀರ್ವೆ ಕೊಡುವುದಿಲ್ಲವೆಂದು ಹಟ ಹಿಡಿದ ಕಾಲ. ಗದ್ದೆ ಜಪ್ತಿಯಾಯಿತು, ಕೊಟ್ಟಿಗೆಯ ಎಮ್ಮೆ ಹೋಯಿತು, ಕೊನೆಗೆ ಮನೆಗೂ ಬೀಗ ಬಿತ್ತು. ನಾವು ಸಂಬಂಧಿಕರ ಹಿತ್ತಲಲ್ಲಿ ತೆಂಗಿನ ಮಡಲು ಹೊದೆಸಿದ ಗುಡಿಸಲಿಗೆ ಬಂದೆವು. ಅಪ್ಪ ಪೊಲೀಸರ ಕೈಗೆ ಸಿಗದೆ ಗುಡ್ಡದ ಕಡೆ ಓಡಾಡಿಕೊಂಡಿದ್ದರು. ಬಹಳ ದಿನಗಳ ಮೇಲೆ ಒಂದು ಮುಸ್ಸಂಜೆ ಬೇಲಿ ದಾಟಿ ಬಂದರು. ಗಡ್ಡ ಬೆಳೆದಿತ್ತು, ಆದರೂ ನಡಿಗೆ ನೋಡಿ ನನಗೆ ಗೊತ್ತಾಯಿತು. ಖುಷಿಗೆ "ಅಪ್ಪಾ!" ಎಂದು ಇಡೀ ಕೇರಿಗೆ ಕೇಳುವ ಹಾಗೆ ಕೂಗಿದೆ. ಅಜ್ಜಿ ಓಡಿ ಬಂದು ನನ್ನ ಬಾಯಿ ಒತ್ತಿ ಹಿಡಿದಳು. "ಬಾಯಿ ಮುಚ್ಚೇ! ಬಾಯಿ ಬಿಟ್ರೆ ಅಪ್ಪನ್ನ ಹಿಡ್ಕಂಡ್ ಹೋಗ್ತ್ರು!"

ಅಪ್ಪ ನನ್ನ ತಲೆ ಸವರಿದರು, ಗಂಜಿ ಉಂಡರು, ನನ್ನ ತಾಯಿ ಅವ್ವಿಯ ಹತ್ತಿರ ಏನೋ ಹೇಳಿದರು, ಹೋದರು. ಮರುದಿನ ಮಧ್ಯಾಹ್ನದೊಳಗೆ ಕೇರಿಯಲ್ಲಿ ಸುದ್ದಿ: ಅಪ್ಪನನ್ನು ಹಿಡಿದರಂತೆ, ಕಾರವಾರಕ್ಕೆ ಒಯ್ದರಂತೆ.

ನಾನು ಅಜ್ಜಿ ಹೇಳಿದ ಹಾಗೆ ಬಾಯಿ ಮುಚ್ಚಿದೆ. ಬೇಕೆಂದು ಮುಚ್ಚಿದ್ದೇ, ಬಿಡಲು ಬಾರದೆ ಹೋದದ್ದೇ, ಈಗಲೂ ಹೇಳಲಾರೆ. ಹಸಿವಾದರೂ ಹೇಳಲಿಲ್ಲ, ಮುಳ್ಳು ಚುಚ್ಚಿದರೂ ಕೂಗಲಿಲ್ಲ. ಹುಡುಗಿ ಹೆದರಿದೆ ಎಂದರು. ದೇವರ ಪೂಜೆಯ ಗುನಗನ ಹತ್ತಿರ ಕರೆದೊಯ್ದು ಕೈಗೆ ನೂಲು ಕಟ್ಟಿಸಿದರು, ಹಣೆಗೆ ಬೂದಿ ಬಳಿದರು. ಶಾಲೆಯಲ್ಲಿ ಹೆಡ್‌ಮಾಸ್ತರರು ಸೊಕ್ಕು ಎಂದು ತಿಳಿದು ಬೆಂಚಿನ ಮೇಲೆ ನಿಲ್ಲಿಸಿದರು. ಅವ್ವಿಗೆ ನನ್ನ ಕಡೆ ನೋಡಲು ಪುರಸೊತ್ತಾದರೂ ಎಲ್ಲಿತ್ತು? ಅವಳು ಬೇರೆಯವರ ಮನೆಯಲ್ಲಿ ಭತ್ತ ಕುಟ್ಟಿ ನಮ್ಮನ್ನು ಸಾಕುತ್ತಿದ್ದಳು.

ಅಕ್ಕೋರು ಒಂದು ಮಧ್ಯಾಹ್ನ ನನ್ನ ಮುಂದೆ ನಿಂತು, "ನೀ ಬಾ, ಹೂ ಕಟ್ಟೂಕೆ ಜನ ಇಲ್ಲ" ಎಂದರು. ಹೋಗಿ ಕುಳಿತೆ. ಅವತ್ತು ಅವರು ಆಡಿದ್ದು ಅಷ್ಟೇ ಮಾತು. ಮರುದಿನವೂ ಕರೆದರು. ನನ್ನ ಗಂಟು ಸಡಿಲವಾಗಿ ಮೊಗ್ಗು ಉದುರುತ್ತಿದ್ದವು, ಬೈಯಲಿಲ್ಲ, ಉದುರಿದ್ದನ್ನು ಆರಿಸಿ ಗೆರಸಿಗೆ ಹಾಕುತ್ತಿದ್ದರು. ಕಂಬದ ಆಚೆಯಿಂದ ಅವರ ಮೂಗು ಸೆಳೆಯುವ ಸದ್ದು, ಕೊಂಕಣಿಯಲ್ಲಿ ತಮ್ಮಷ್ಟಕ್ಕೆ ಗೊಣಗುವ ಸದ್ದು. ಎಷ್ಟು ದಿನ ಹಾಗೆ ಕಳೆಯಿತೋ… ಬಿಸಿಲು ಬಲಿಯುತ್ತ ಬಂತು, ಮರದ ಕೆಳಗಿನ ಕೊಂಬೆಗಳು ಬರಿದಾದವು. ಒಂದು ದಿನ ಗಂಟೆ ಹೊಡೆದು, ನಾನು ಏಳುವಾಗ, ನನಗೇ ತಿಳಿಯದ ಹಾಗೆ ನನ್ನ ಬಾಯಿಂದ ಮಾತು ಬಂತು.

"ನಾಳೆ ಸೈತ ಬರ್ಲಾ ಅಕ್ಕೋರೆ?"

ಬೇರೆ ಯಾರಾದರೂ ಆಗಿದ್ದರೆ ಊರೆಲ್ಲ ಕೂಡಿಸುತ್ತಿದ್ದರು. ಅಕ್ಕೋರು ತಿರುಗಿಯೂ ನೋಡಲಿಲ್ಲ. "ಬಾ. ನಾರು ನೆನ್ಸಿ ಇಡ್ತೆ" ಎಂದರು.

ಮರುದಿನ ಎಲ್ಲವನ್ನೂ ಹೇಳಿದೆ. ನಾನು ಕೂಗಿದ್ದರಿಂದ ಯಾರಿಗೋ ಕೇಳಿತು, ಅವರು ಹೋಗಿ ಹೇಳಿದರು, ಅದಕ್ಕೇ ಅಪ್ಪನನ್ನು ಹಿಡಿದರು ಎಂದೆ. ಅಕ್ಕೋರ ಕೈ ಗೆರಸಿಯಲ್ಲಿ ನಿಂತುಬಿಟ್ಟಿತು. ಆಮೇಲೆ ಕೇಳಿದರು: "ಅವತ್ತು ಅಪ್ಪ ಬಂದದ್ದು ಯಾಕೆ ಅಂತ ನಿಂಗೆ ಯಾರಾದ್ರೂ ಹೇಳಿದ್ರಾ?"

ಇಲ್ಲ ಎಂದೆ.

"ಇದನ್ನ ನಿನ್ನ ಅವ್ವಿಗೆ ಹೇಳ್ಲಾ? ನೀ ಬೇಡ ಅಂದ್ರೆ ಹೇಳೂದಿಲ್ಲ."

ನನ್ನನ್ನು ಹೀಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಹೂಂ ಎಂದೆ. ಆ ಸಂಜೆ ಅಕ್ಕೋರು ನನ್ನ ಜೊತೆ ಗುಡಿಸಲಿಗೆ ನಡೆದು ಬಂದರು. ಅವ್ವಿ ಒನಕೆ ಕೆಳಗಿಟ್ಟು ಗಾಬರಿಯಿಂದ ನಿಂತಳು. ಅಕ್ಕೋರು ಹೇಳಿದ್ದನ್ನು ಕೇಳಿ ಅಲ್ಲೇ ಕುಸಿದು ಕುಳಿತಳು.

"ಅಯ್ಯೋ ನನ್ನ ಮಗಾ… ಅವ್ರನ್ನ ಯಾರೂ ಹಿಡೀಲಿಲ್ವೇ! ಕಚೇರಿ ಮುಂದೆ ಅವ್ರೇ ಹೋಗಿ ನಿಂತ್ಕಂಡ್ರು. ಎಲ್ಲರೂ ಜೈಲಿಗೆ ಹೋಗೂಕೆ ಹೊರಟಿದ್ರು, ಅವ್ರೂ ಹೋದ್ರು. ಅವತ್ತು ಬಂದದ್ದೇ ನಂಗೆ ಹೇಳಿ ಹೋಗೂಕೆ."

ದೊಡ್ಡವರಿಗೆಲ್ಲ ಗೊತ್ತಿದ್ದ ವಿಷಯ. ನನಗೆ ಹೇಳಬೇಕೆಂದು ಒಬ್ಬರಿಗೂ ಅನ್ನಿಸಿರಲಿಲ್ಲ. ಬಾಯಿ ಮುಚ್ಚು ಎಂದಿದ್ದ ಅಜ್ಜಿಯೂ ಇನ್ನು ಬಾಯಿ ಬಿಡಬಹುದು ಎಂದು ಹೇಳಿರಲಿಲ್ಲ. ಅವ್ವಿ ನನ್ನನ್ನು ಎದೆಗೆ ಒತ್ತಿಕೊಂಡು ಅತ್ತಳು, ನಾನೂ ಅತ್ತೆ, ಸದ್ದು ಮಾಡಿ ಅತ್ತೆ. ಅಕ್ಕೋರು ಯಾವಾಗ ಎದ್ದು ಹೋದರೋ ನಾವು ನೋಡಲಿಲ್ಲ. ಮರುದಿನ ಮಗ್ಗಿ ತಪ್ಪಿದ್ದಕ್ಕೆ ನನಗೆ ಪಟ್ಟಿಯ ಏಟು ಬಿತ್ತು. ಎಲ್ಲರ ಹಾಗೆ ನಾನೂ ಆದೆನೆಂದು ನನಗೆ ಆಗ ಖುಷಿಯಾಯಿತು.

ಅಪ್ಪ ಜೈಲಿನಿಂದ ಬಂದರು. ಸೊರಗಿದ್ದರು, ಆದರೆ ಬಂದರು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿತ್ತು. ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೆ ಬರೆಯಲು ಕೂತದ್ದೇ ಅದಕ್ಕೆ.

ಎರಡು ವರ್ಷ ಕಳೆದಿರಬೇಕು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಅಕ್ಕನ ಮದುವೆ ಸುರಂಗಿಯ ಕಾಲದಲ್ಲೇ ಬಂತು. ಹುಡುಗಿ ಶಾಲೆಯಲ್ಲಿ ಕಟ್ಟಿದ ದಂಡೆಯನ್ನು ಹೆಮ್ಮೆಯಿಂದ ಮನೆಗೆ ಒಯ್ದು ಮದುಮಗಳ ಮುಡಿಗೆ ಮುಡಿಸಿದಳು. ಅದೇ ಮಳೆಗಾಲ ಮದುಮಗ ಜ್ವರ ಬಂದು ತೀರಿಕೊಂಡ. ಅತ್ತು ಸುಸ್ತಾದ ಮನೆಯಲ್ಲಿ ಯಾರೋ ಹಳೆಯ ಮುದುಕಿ ಒಂದೊಂದೇ ಕೆದಕತೊಡಗಿದಳು, ಮುಹೂರ್ತದಲ್ಲಿ ಏನು ತಪ್ಪಾಯಿತು, ಯಾರು ಸೀನಿದರು, ಮುಡಿಗೆ ಇಟ್ಟ ಹೂ ಕಟ್ಟಿದವರು ಯಾರು. ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅರ್ಧ ದಂಡೆ ತಾನು ಕಟ್ಟಿದ್ದು, ಅರ್ಧ ಅಕ್ಕೋರು ಕಟ್ಟಿದ್ದು ಎಂದಳು.

ಅಷ್ಟು ಸಾಕಾಯಿತು. ಬಾವಿಯ ಕಟ್ಟೆಯ ಹತ್ತಿರ ಹೆಂಗಸರು ಸೇರಿದಾಗ ನಾನು ಅವ್ವಿಯ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದೆ.

"ಗಂಡ ಇಲ್ದವ್ಳ ಕೈ ಹೂವೇ! ಮುತ್ತೈದೆ ಮುಡಿಗೆ! ಮತ್ತೆಂತ ಆಗೂದು?"

"ನಮ್ ಮನೆ ಹುಡುಗೀರೂ ಅದನ್ನೇ ಮುಡ್ಕಂಡ್ ಬರ್ತ್ರು. ಇನ್ ಕಳ್ಸೂದಿಲ್ಲ."

ಅವ್ವಿ ಕೊಡಪಾನ ಸೊಂಟಕ್ಕೆ ಏರಿಸಿಕೊಂಡಳು. ಏನಾದರೂ ಹೇಳುತ್ತಾಳೆಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಮ್ಮ ಗುಡಿಸಲಿಗೆ ನಡೆದು ಬಂದವರು ಯಾರು, ಮಗಳ ಬಾಯಲ್ಲಿ ಮತ್ತೆ ಮಾತು ತಂದವರು ಯಾರು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವ್ವಿ ಏನೂ ಹೇಳದೆ ದಾರಿ ಹಿಡಿದಳು. ನಾವಿನ್ನೂ ಅವರಲ್ಲೊಬ್ಬರ ಹಿತ್ತಲಲ್ಲೇ ಇದ್ದೆವು, ಗದ್ದೆ ಮರಳಿ ಬಂದಿರಲಿಲ್ಲ. ಅವಳ ಕಷ್ಟ ನನಗೆ ಈಗ ಅರ್ಥವಾಗುತ್ತದೆ. ಅರ್ಥವಾದರೂ ಸಿಟ್ಟು ಹೋಗಿಲ್ಲ.

ಹೆಡ್‌ಮಾಸ್ತರರು ಅಕ್ಕೋರನ್ನು ಕರೆದು, ಇನ್ನು ಹೂವಿನ ಉಸಾಬರಿ ಬೇಡ ಎಂದರು. ಮಾರನೆಯ ದಿನದಿಂದ ಕಂಬದ ಎರಡೂ ಬದಿ ಖಾಲಿ. ಗೆರಸಿಯನ್ನು ಯಾರೋ ಅಟ್ಟಕ್ಕೆ ಹಾಕಿದರು. ನಾನು ಒಂದು ದಿನ ಅಭ್ಯಾಸಬಲದಿಂದ ಅಲ್ಲಿಗೆ ಹೋಗಿ ನಿಂತಿದ್ದಾಗ ಅಕ್ಕೋರು ಬಾಗಿಲಿನಿಂದಲೇ, "ಒಳಗೆ ಹೋಗು ಮಗಾ, ಬಿಸ್ಲು" ಎಂದರು. ಮುಂದಿನ ಬೇಸಿಗೆಯಲ್ಲಿ ಸುರಂಗಿ ಮರದಲ್ಲೇ ಅರಳಿ ಕೆಳಗೆಲ್ಲ ಹಳದಿ ಹಾಸಿತ್ತು, ಇರುವೆ ಹತ್ತಿತ್ತು. ಆ ಬೇಸಿಗೆ ಮುಗಿಯುವುದರೊಳಗೆ ಅವರಿಗೆ ಚೆಂಡಿಯಾಕ್ಕೆ ವರ್ಗವಾಯಿತು. ಮಾತು ಅಲ್ಲಿಗೂ ಬೆನ್ನು ಹತ್ತಿ ಹೋಯಿತೆಂದು ಕೇಳಿದೆ. ಆಮೇಲೆ ನೌಕರಿ ಬಿಟ್ಟು ಹಣಕೋಣದಲ್ಲಿ ಅಣ್ಣನ ಮನೆ ಸೇರಿದರಂತೆ. ಚೆಂಡಿಯಾದ ಆ ಜಾಗ ಈಗ ನೇವಿಯ ಗೋಡೆಯ ಒಳಗಿದೆ, ಹೋಗಿ ನೋಡಬೇಕೆಂದರೂ ಬಿಡುವುದಿಲ್ಲ.

ನನ್ನ ಮದುವೆಯಾದದ್ದು ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಬೇಸಿಗೆಯಲ್ಲಿ. ಗಂಡನಿಗೆ ಬೊಂಬಾಯಿಯಲ್ಲಿ ಕೆಲಸ. ಆಗ ಕಾರವಾರದಿಂದ ಉಗಿಹಡಗಿನಲ್ಲಿ, ನಮ್ಮ ಮಾತಿನ ಆಗಬೋಟಿಯಲ್ಲಿ, ಹೋಗುವುದು. ಬೋಟಿನ ಹಿಂದಿನ ದಿನ ಕಾರವಾರಕ್ಕೆ ಬಂದು ಉಳಿದಾಗ, ಹಣಕೋಣಕ್ಕೆ ಹೋಗಿ ಬರೋಣ ಎಂದು ಗಂಡನ ಬೆನ್ನು ಬಿದ್ದೆ. ಹೊಸ ಹೆಂಡತಿಯ ಮೊದಲ ಹಟ, ನಡೆಯಿತು. ಪೇಟೆಯಲ್ಲಿ ಸುರಂಗಿ ಮೊಗ್ಗು ಕೊಂಡು, ಬಾಳೆಯ ನಾರು ಕೇಳಿ ಇಸಿದುಕೊಂಡು, ದೋಣಿಯಲ್ಲಿ ಕಾಳಿ ದಾಟಿದೆವು.

ಅಣ್ಣನ ಹೆಂಡತಿ ಬಾಗಿಲಲ್ಲೇ ದನಿ ತಗ್ಗಿಸಿ ಹೇಳಿದಳು: "ಮಾತಾಡೂದು ಬಿಟ್ಟು ವರ್ಷ ಆಗ್ತಾ ಬಂತು. ಜೋಯಿಸ್ರಿಗೆ ತೋರ್ಸಿದ್ವು, ಡಾಕ್ಟ್ರಿಗೆ ತೋರ್ಸಿದ್ವು. ಯಾರ ಹತ್ರನೂ ಇಲ್ಲ."

ಅಕ್ಕೋರು ಹಿಂದಿನ ಜಗಲಿಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಸೆರಗು ಜಾರಿತ್ತು, ಸರಿಮಾಡಿಕೊಂಡಿರಲಿಲ್ಲ. ನನಗೆ ಕಾಲಿಗೆ ಬೀಳಬೇಕೆನಿಸಿತು, ಅಳಬೇಕೆನಿಸಿತು, ಯಾಕೆ ಹೀಗಾದಿರಿ ಎಂದು ಕೇಳಬೇಕೆನಿಸಿತು. ಯಾವುದನ್ನೂ ಮಾಡಲಿಲ್ಲ. ಒಳಗಿನಿಂದ ಗೆರಸಿ ಕೇಳಿ ತಂದು, ಮೊಗ್ಗು ಸುರಿದು, ಕಂಬದ ಈಚೆ ಬದಿಗೆ ಬೆನ್ನು ಕೊಟ್ಟು ಕುಳಿತು ಕಟ್ಟತೊಡಗಿದೆ.

ಬಹಳ ಹೊತ್ತು ಒಬ್ಬಳೇ ಕಟ್ಟಿದೆ. ಮುಂದಿನ ಜಗಲಿಯಲ್ಲಿ ನನ್ನ ಗಂಡ ಮತ್ತು ಅಣ್ಣ ತೆಂಗಿನಕಾಯಿಯ ದರ ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ಆಮೇಲೆ ಗೆರಸಿಯೊಳಗೆ ಒಂದು ಕೈ ಬಂತು. ಮೊಗ್ಗು ಆರಿಸಿತು. ನಾನು ಆ ಮನೆಯ ಹಿತ್ತಲ ಬಾವಿಯ ಕಡೆಯೇ ನೋಡುತ್ತಿದ್ದೆ. ಇಬ್ಬರೂ ಕಟ್ಟಿದೆವು. ಅವರ ಗಂಟು ಮೊದಲಿನಷ್ಟೇ ಬಿಗಿ, ನನ್ನದು ಮೊದಲಿನಷ್ಟೇ ಸಡಿಲ. ಮೂಗು ಸೆಳೆಯುವ ಸದ್ದು ಕೇಳಿಸಿತು. ಅದು ನೆಗಡಿಯೋ, ಬೇರೆಯೋ…

ಬಿಸಿಲು ಇಳಿಯಿತು. ನೀರಿನ ಭರತ ಇಳಿತ ನೋಡಿಕೊಂಡು ದೋಣಿಯವನು ಅವಸರ ಮಾಡುತ್ತಿದ್ದಾನೆಂದು ಗಂಡ ಕರೆದರು. ನಾನು ಎದ್ದೆ.

"ನಾಳೆ ಸೈತ ಬತ್ಯೇನೇ?"

ಕಂಬದ ಆಚೆಯಿಂದ ಬಂದ ದನಿ ಒರಟಾಗಿತ್ತು, ಬಹಳ ದಿನ ಮುಚ್ಚಿಟ್ಟ ಬಾಗಿಲಿನ ಹಾಗೆ. ಆ ಮಾತಿನ ಅರ್ಥ ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ. ಅದನ್ನು ಕೇಳಿದ ಮಗು ಮರುದಿನ ಎಲ್ಲವನ್ನೂ ಹೇಳುತ್ತದೆ.

ಮರುದಿನ ಬೆಳಿಗ್ಗೆ ಆಗಬೋಟಿ.

"ನಾಳೆ ಬೊಂಬಾಯಿಗೆ ಹೋಗೂದು ಅಕ್ಕೋರೆ. ಊರಿಗೆ ಬಂದವ್ಳೇ ಇಲ್ಲಿಗೇ ಬರ್ತೆ" ಎಂದೆ. ನಿಜವನ್ನೇ ಹೇಳಿದೆ, ಬರುವ ಮನಸ್ಸೂ ನಿಜವಾಗಿತ್ತು.

ಒಂದು ಗಂಟು ಬಿಗಿದರು. "ಹೋಗಿ ಬಾ" ಎಂದರು. "ನಾರು ನೆನ್ಸಿ ಇಡ್ತೆ."

ಯುದ್ಧ ಬಂತು, ಬೋಟು ನಿಂತಿತು, ಮಗು ಹುಟ್ಟಿತು. ಊರಿಗೆ ಬರುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು ಕಾಳಿ ದಾಟಿ ಹೋದೆ. ಅಣ್ಣನ ಹೆಂಡತಿ ನನ್ನ ಗುರುತು ಹಿಡಿದಳು. ಅಕ್ಕೋರು ಹೋಗಿ ಆಗಲೇ ಬಹಳ ದಿನವಾಗಿತ್ತು. ಕೊನೆಯವರೆಗೂ ಯಾರ ಹತ್ತಿರವೂ ಮಾತಾಡಲಿಲ್ಲವಂತೆ.

"ಒಂದು ವಿಚಿತ್ರ ನೋಡು" ಎಂದಳು ಆಕೆ. "ನೀ ಬಂದು ಹೋದ ಮೇಲೆ ದಿನಾ ಬೆಳಿಗ್ಗೆ ಎದ್ದು ಬಾಳೆ ನಾರು ಸೀಳಿ ಗರಟೆ ನೀರಲ್ಲಿ ಹಾಕಿ ಇಡೂರು. ಸಂಜೆ ಚೆಲ್ಲೂರು. ಮಳೆ ಬಂದು ಹೂವೆಲ್ಲ ಮುಗ್ದ್ ಹೋದ್ರೂ ಬಿಡ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಹೇಳೂದಿಲ್ಲ."

ಯಾಕೆ ಎಂದು ನಾನು ಅವಳಿಗೆ ಹೇಳಲಿಲ್ಲ. ಮಗುವನ್ನು ಎತ್ತಿಕೊಂಡು ಹಿಂದಿನ ಜಗಲಿಗೆ ಹೋಗಿ ಆ ಕಂಬವನ್ನು ಮುಟ್ಟಿ ಬಂದೆ. ಗರಟೆ ಅಲ್ಲೇ ಬೋರಲು ಬಿದ್ದಿತ್ತು.

ಅವರು ಏನು ಹೇಳಬೇಕೆಂದಿದ್ದರೋ… ಬಾವಿಕಟ್ಟೆಯ ಮಾತು ನೋಯಿಸಿತ್ತೋ, ಆ ಮದುಮಗ ಸತ್ತದ್ದು ತನ್ನ ಕೈಯಿಂದಲೇ ಎಂದು ಅವರೂ ನಂಬಿಬಿಟ್ಟಿದ್ದರೋ, ನಾನು ಕೂಗಿದ್ದಕ್ಕೇ ಅಪ್ಪ ಹೋದರೆಂದು ನಂಬಿದ್ದೆನಲ್ಲ, ಹಾಗೆ? ಹಾಗಿದ್ದರೆ ಅಲ್ಲ ಎಂದು ಹೇಳಲು ಒಬ್ಬರು ಬೇಕಿತ್ತು. ಇನ್ನೊಂದು ಮಧ್ಯಾಹ್ನ ಸಿಕ್ಕಿದ್ದರೆ ಸಾಕಿತ್ತು. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ನನಗೆ ಅನ್ನ ಸೇರುವುದಿಲ್ಲ.

ಸೊಸೆ ತಂದ ದಂಡೆಯನ್ನು ಪೆಟ್ಟಿಗೆಯಲ್ಲಿ ಇಡಲು ಹೋದಾಗ ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು. ಮುಂದಿನ ವಾರ ಆ ಕೌನ್ಸೆಲರ್ ಬಂದಾಗ ಅಜ್ಜಿಯ ಕಡೆಯಿಂದ ಏನಾದರೂ ಹೇಳಬೇಕೇ ಎಂದು ನನ್ನನ್ನು ಕೇಳಿದಳು.

"ಒಂದು ಕೇಳಿ ಬಾ" ಎಂದೆ. "ನಿಮ್ಮ ಮಾತು ಯಾರು ಕೇಳ್ತ್ರು ಅಂತ ಅವ್ರನ್ನ ಕೇಳು."

ಅವಳು ನಗಲಿಲ್ಲ. ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ.